ಕೊಡಲು ಹೋದವನು ಮೊದಲು ಬೇಡಬೇಕು

ಸೇವೆ ಎಂಬ ಶಬ್ದವು ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಹತ್ತಾರು ಸಲ ಕೇಳಿಬರುತ್ತದೆ. ಧ್ವಜವಂದನೆಯ ದಿನ, ಗಾಂಧೀ ಜಯಂತಿಯ ದಿನ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಉದ್ಘಾಟನೆಯ ದಿನ ಅದರ ಮಹಿಮೆಯನ್ನು ಕೇಳಿ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಆದರೆ ಸೇವೆ ಮಾಡಲು ಹೊರಟವನು ಗುರುತು ಪರಿಚಯವಿಲ್ಲದ ಊರಿನಲ್ಲಿ ಕಾಲೂರಿ ನಿಲ್ಲುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಯಾವ ಭಾಷಣಕಾರರೂ ಎತ್ತಿದಂತೆ ನನಗೆ ನೆನಪಿಲ್ಲ. ಅದರಲ್ಲಿಯೂ ಕಡಲು ದಾಟಿ ಪರರಾಷ್ಟ್ರಕ್ಕೆ ಸ್ವಯಂಸೇವಕನಾಗಿ ಹೋಗುವವನ ಪಾಡೇನು? ಅಲ್ಲಿಯ ಭಾಷೆ ಬಾರದು, ಊಟ ಒಗ್ಗದು, ನೆರೆಮನೆಯವರ ಮುಖ ನೋಡಿದರೆ ಅವರು ಸಿಟ್ಟಾಗಿರುವರೋ ಸಂತೋಷದಲ್ಲಿರುವರೋ ತಿಳಿಯದು. ಇಂಥಲ್ಲಿ ಅವನು ಮೊದಲು ಮಾಡಬೇಕಾದ ಕೆಲಸ ಯಾವುದು?

ನನ್ನ ಅಲ್ಪಮತಿಗೆ ತೋಚಿದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಮೊದಲು ಬೇಡಬೇಕು. ನೀರು ಬೇಡಬೇಕು, ದಾರಿ ಕೇಳಬೇಕು, ಮಾತು ಕಲಿಸಿರೆಂದು ಅಂಗಲಾಚಬೇಕು. ಊರಿನವರಿಂದ ಏನನ್ನೂ ಪಡೆಯದೆ ಊರಿಗೆ ಕೊಡಲು ನಿಂತವನು ಅಲ್ಲಿ ಎರಡು ವರ್ಷವಿದ್ದರೂ ಬಿಡಾರ ಹೂಡಿದವನೇ ಹೊರತು ನೆಲೆಸಿದವನಲ್ಲ.

ಈ ಕಾಲೇಜಿನಲ್ಲಿ ಓದುವ ನಾವು ಬಹುಪಾಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಿನ ಹಳ್ಳಿಗಳವರು. ಪರದೇಶದ ಸೇವೆಯೆಂಬುದು ನಮಗೆ ದೂರದ ಮಾತೆಂದು ಕೆಲವರಾದರೂ ನಕ್ಕಾರು. ಆದರೆ ಅದು ನಾವೆಣಿಸಿದಷ್ಟು ದೂರದ್ದಲ್ಲ. ಇಂಗ್ಲೆಂಡಿನಲ್ಲಿ 1958ರಲ್ಲಿಯೇ ತರುಣರನ್ನು ಕಡಲಾಚೆಗೆ ಸೇವೆಗೆ ಕಳಿಸುವ ಸಂಸ್ಥೆಯೊಂದು ಹುಟ್ಟಿತು. 1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರು 'ಪೀಸ್ ಕೋರ್' ಎಂಬ ಶಾಂತಿದಳವನ್ನು ಕಟ್ಟಿದರು. 1970ರಲ್ಲಿ ವಿಶ್ವಸಂಸ್ಥೆಯೂ ತನ್ನ ಸ್ವಯಂಸೇವಕ ಯೋಜನೆಯನ್ನು ಆರಂಭಿಸಿತು. ಅದರ ಕೇಂದ್ರ ಈಗ ಜರ್ಮನಿಯ ಬಾನ್ ನಗರದಲ್ಲಿದೆ. ಇದರಲ್ಲಿ ಭಾರತೀಯರೂ ಸೇವೆ ಸಲ್ಲಿಸುತ್ತಾರೆ. ನಮ್ಮಲ್ಲೊಬ್ಬರು ನಾಳೆ ಆಫ್ರಿಕೆಗೆ ಹೋದರೆ ಆಶ್ಚರ್ಯವೇನೂ ಇಲ್ಲ.

ಶಾಂತಿದಳದ ಕಥೆಯಲ್ಲಿ ಕಲಾ ವಿಭಾಗದವರಾದ ನಮಗೆ ವಿಶೇಷವಾದ ಪಾಠವೊಂದುಂಟು. 1961ರ ಡಿಸೆಂಬರಿನಲ್ಲಿ 26 ಜನರ ಮೊದಲ ತಂಡ ಪಂಜಾಬಿಗೆ ಬಂದಿತು. ಆಮೇಲೆ 1976ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಅಮೆರಿಕನ್ನರು ನಮ್ಮ ದೇಶಕ್ಕೆ ಬಂದು ಎರಡೆರಡು ವರ್ಷ ಇದ್ದು ಹೋದರು. ಅಂದಿನ ಮೈಸೂರು ರಾಜ್ಯಕ್ಕೂ ಅವರು ಬಂದರು, ಕನ್ನಡ ಕಲಿತರು. ಅವರಲ್ಲಿ ಅನೇಕರು ಆಗತಾನೆ ಪದವಿ ಮುಗಿಸಿದ್ದ ನಮ್ಮಂಥ ಬಿ.ಎ. ಜನ; ಇತಿಹಾಸವನ್ನೋ ಸಾಹಿತ್ಯವನ್ನೋ ಓದಿದವರು. ಅಂಥವರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ಕೋಳಿ ಸಾಕಣೆ, ಬೇಸಾಯ, ಆರೋಗ್ಯಗಳ ಕೆಲಸಕ್ಕೆ ಕಳಿಸುತ್ತಿದ್ದರು. ಹುಟ್ಟಿದಾರಭ್ಯ ಮಣ್ಣಿನಲ್ಲಿ ಬೆಳೆದ ಒಕ್ಕಲಿಗನಿಗೆ ಇಪ್ಪತ್ತೆರಡರ ಪರದೇಶದ ಹುಡುಗ ಒಕ್ಕಲುತನ ಕಲಿಸುವುದೆಂದರೆ ಯಾರಿಗೆ ನಗು ಬಾರದು? ಆದಾಗ್ಯೂ ಒಂದು ಅನುಕೂಲ ಅವರಿಗಿತ್ತು. ತನಗೆ ಹೆಚ್ಚು ಬಾರದು ಎಂಬುದನ್ನು ಬಲ್ಲವನಿಗೆ ಇತರರನ್ನು ಕೇಳದೆ ಗತ್ಯಂತರವಿಲ್ಲ. ಕೇಳುತ್ತ ಕೇಳುತ್ತ ಅವನು ಊರಿಗೆ ಹತ್ತಿರದವನಾಗುತ್ತಾನೆ. "ನಮ್ಮ ಕೈಯಲ್ಲಿ ಕಸುಬಿಲ್ಲ, ನಾವೇನು ಸೇವೆ ಮಾಡೇವು?" ಎಂದು ಕೊರಗುವ ನನ್ನ ಸಹಪಾಠಿಗಳು ಇದನ್ನು ಲಕ್ಷಿಸಬೇಕು. ಕೇಳುವ ಕಿವಿ, ಕಲಿಯುವ ನಾಲಗೆ ಇವೂ ಕೈಕಸುಬಿನಷ್ಟೇ ಬೆಲೆಯುಳ್ಳವು.

ಹಾಗಾದರೆ ಕಸುಬು ಬಲ್ಲವನು ಬೇಡಬೇಕಾಗಿಲ್ಲವೆ? ವೈದ್ಯನಾದವನು ಹಡಗಿನಿಂದಿಳಿದ ದಿನವೇ ಚಿಕಿತ್ಸೆಗೆ ತೊಡಗಬಹುದಲ್ಲವೆ? ಎಂದು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಮಗ್ಗುಲಿನಲ್ಲಿಯೇ ಇದೆ.

ಭೀಮೆಯನ್ನು ದಾಟಿದರೆ ಸೊಲ್ಲಾಪುರ. ಇಂಡಿಯ ಕಡೆಯವರು ದೊಡ್ಡ ಬೇನೆ ಬಂದರೆ ಈಗಲೂ ಅಲ್ಲಿಯ ದವಾಖಾನೆಗಳಿಗೇ ಹೋಗುವುದುಂಟು. ಶರಣ ಸಿದ್ಧರಾಮನ ಆ ಸೊನ್ನಲಿಗೆಯಲ್ಲಿ 1910ರ ಅಕ್ಟೋಬರ್ 10ರಂದು ದ್ವಾರಕಾನಾಥ ಶಾಂತಾರಾಮ ಕೋಟ್ನಿಸರು ಹುಟ್ಟಿದರು. ಮುಂಬಯಿಯಲ್ಲಿ ವೈದ್ಯಶಾಸ್ತ್ರ ಕಲಿತರು. 1938ರಲ್ಲಿ ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಕ್ಕೆ ನೆರವಾಗಲೆಂದು ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವನ್ನು ಕಳಿಸಿತು. ಆಗ ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಇವರೊಡನೆ ಹೊರಟ ಕೋಟ್ನಿಸರಿಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ಅಲ್ಲಿಗೆ ಹೋದ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದಿತು. ಅವರು ಮರಳಲಿಲ್ಲ. ಜೊತೆಗೆ ಹೋದ ನಾಲ್ವರು ಒಬ್ಬೊಬ್ಬರಾಗಿ ತಾಯ್ನಾಡಿಗೆ ಬಂದರು. ಇವರೊಬ್ಬರು ಬರಲೇ ಇಲ್ಲ.

ಅವರು ಅಲ್ಲಿ ನೆಲೆಸಿದ ಬಗೆಯನ್ನು ನೋಡಿರಿ. ಶಸ್ತ್ರವೈದ್ಯನ ಚಾಕುವಿಗೆ ಭಾಷೆ ಬೇಕಾಗಿರಲಿಕ್ಕಿಲ್ಲ. ಆದರೆ ಗಾಯಗೊಂಡವನಿಗೆ ಎಲ್ಲಿ ನೋಯುತ್ತದೆಂದು ಕೇಳಲು ಬೇಕು. ಕೋಟ್ನಿಸರು ಚೀನೀ ಭಾಷೆಯನ್ನು ಕಲಿತರು. ಮಾತಾಡುವಷ್ಟು ಮಾತ್ರವಲ್ಲ, ಆ ಭಾಷೆಯಲ್ಲಿಯೇ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುವಷ್ಟು ಕಲಿತರು. ಇಂಥ ಭಾಷೆ ಪುಸ್ತಕವೊಂದರಿಂದಲೇ ಬಂದೀತೆ? ರೋಗಿ, ದಾದಿ, ಅಡಿಗೆಯವ, ಸಿಪಾಯಿ ಎಲ್ಲರೂ ಗುರುಗಳಾದರೆ ಮಾತ್ರ ಬಂದೀತು. ಉತ್ತರ ಚೀನದ ಆ ಸೈನ್ಯದ ಊಟ ನವಣೆ. ನಮ್ಮ ಅಜ್ಜಿಯರು ಉಂಡು ಬೆಳೆದ ಅದೇ ನವಣೆ. ಅವರ ಹೆಸರೂ ಬದಲಾಯಿತು: ಚೀನವೆಂಬ ಅರ್ಥದ 'ಹುವಾ' ಸೇರಿ ಅಲ್ಲಿಯವರ ಬಾಯಲ್ಲಿ ಅವರು 'ಕೆ ದಿಹುವಾ' ಆದರು. ಕೆನಡಾದಿಂದ ಬಂದು ಅಲ್ಲಿಯೇ ಮಡಿದ ಡಾಕ್ಟರ್ ಬೆಥೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಅವರು ಮುಖ್ಯಸ್ಥರಾದರು. ಅದೇ ವರ್ಷ ಗುವೊ ಚಿಂಗ್‌ಲಾನ್ ಎಂಬ ಚೀನೀ ಶುಶ್ರೂಷಕಿಯನ್ನು ಮದುವೆಯಾದರು. 1942ರಲ್ಲಿ ಹುಟ್ಟಿದ ಮಗನಿಗೆ 'ಯಿನ್‌ಹುವಾ' ಎಂದು ಹೆಸರಾಯಿತು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನ. ಅದೇ ವರ್ಷದ ಡಿಸೆಂಬರ್ 9ರಂದು ಅಪಸ್ಮಾರದ ಬೇನೆಯಿಂದ ಕೋಟ್ನಿಸರು ತೀರಿಕೊಂಡರು. ಆಗ ಅವರಿಗೆ 32 ವರ್ಷ. ಸೊಲ್ಲಾಪುರದಲ್ಲಿರುವ ಅವರ ಮನೆ ಈಗ ಸ್ಮಾರಕವಾಗಿದೆ. ಅವರ ಸಮಾಧಿ ಚೀನದ ಶಿಜಿಯಾಝುವಾಂಗ್ ನಗರದಲ್ಲಿದೆ.

ಕೋಟ್ನಿಸರು ಕೊಟ್ಟದ್ದನ್ನು ಎಲ್ಲರೂ ಹೊಗಳುತ್ತಾರೆ. ಅವರು ಪಡೆದುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಚೀನೀಯರಿಂದ ಭಾಷೆ ಪಡೆದರು, ಅನ್ನ ಪಡೆದರು, ಹೆಸರು ಪಡೆದರು, ಹೆಂಡತಿಯನ್ನು ಪಡೆದರು. ಇಷ್ಟನ್ನು ಪಡೆದುದರಿಂದಲೇ ಅವರು ಕೊಟ್ಟುದು ದಾನವೆನಿಸದೆ ಮನೆಯ ಮಗನ ದುಡಿಮೆಯೆನಿಸಿತು.

ಇಷ್ಟು ದೊಡ್ಡವರ ಮಾತಿನ ನಡುವೆ ನಮ್ಮ ಸಣ್ಣ ಅನುಭವವೊಂದನ್ನು ಹೇಳಲು ಅಪ್ಪಣೆಯಿರಲಿ. ಕಳೆದ ವರ್ಷ ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಏಳು ದಿನಗಳ ಶಿಬಿರ ನಡೆಯಿತು. ನಾವು ಅಕ್ಕಿ, ಬೇಳೆ, ಗ್ಯಾಸಿನ ಸಿಲಿಂಡರು, ಜಮಖಾನೆ, ಸಲಿಕೆ, ಬುಟ್ಟಿ ಎಲ್ಲವನ್ನೂ ಟ್ರಾಕ್ಸಿನಲ್ಲಿ ಹೇರಿಕೊಂಡು ಹೋಗಿದ್ದೆವು. ಊರಿಗೆ ಭಾರವಾಗಬಾರದೆಂಬುದು ಒಳ್ಳೆಯ ಉದ್ದೇಶವೇ ಸರಿ. ಶಾಲೆಯಲ್ಲಿ ವಸತಿ, ಬೆಳಿಗ್ಗೆ ಗಟಾರ ತೆಗೆಯುವುದು, ಸಂಜೆ ವ್ಯಸನಮುಕ್ತಿಯ ಬಗ್ಗೆ ಭಾಷಣ. ಊರ ಜನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಐದನೆಯ ದಿನ ಸಿಲಿಂಡರು ಮುಗಿಯಿತು. ಆ ಸಂಜೆ ನಮ್ಮಲ್ಲಿಬ್ಬರು ಹೋಗಿ ಎದುರು ಮನೆಯ ಮುದುಕಿಯೊಬ್ಬಳನ್ನು, "ಆಯಿ, ಒಲಿ ಕೊಡ್ತೀರೇನು? ಅನ್ನ ಇಟ್ಕೊಂತೀವಿ" ಎಂದು ಕೇಳಿದರು. ಆಕೆ, "ಅನ್ನ ಯಾಕ್ರಪ್ಪಾ, ರೊಟ್ಟಿ ತಿನ್ನಂಗಿಲ್ಲೇನು ನೀವು?" ಎಂದಳು. ಅರ್ಧ ತಾಸಿನಲ್ಲಿ ಓಣಿಯ ಮನೆ ಮನೆಯಿಂದ ರೊಟ್ಟಿ ಬಂದುವು; ಒಬ್ಬರು ಪುಂಡಿಪಲ್ಯ, ಒಬ್ಬರು ಶೇಂಗಾ ಹಿಂಡಿ, ಒಬ್ಬರು ಚರಿಗೆ ತುಂಬ ಮಜ್ಜಿಗೆ ತಂದರು. ಅಂದು ಭಾಷಣ ನಡೆಯಲಿಲ್ಲ. ಹತ್ತು ಗಂಟೆಯವರೆಗೆ ಮಾತುಕತೆ ನಡೆಯಿತು. ಯಾವ ಮನೆಯ ನೀರು ಯಾರ ಗಟಾರಕ್ಕೆ ಹರಿಯುತ್ತದೆ, ಅದು ಪ್ರತಿ ವರ್ಷ ತುಂಬುವುದೇಕೆ ಎಂಬುದು ನಮಗೆ ತಿಳಿದದ್ದು ಆ ರಾತ್ರಿಯೇ. ಮರುದಿನ ಬೆಳಿಗ್ಗೆ ಊರಿನ ಏಳೆಂಟು ಜನ ತಮ್ಮ ಸಲಿಕೆಗಳೊಡನೆ ಬಂದು ನಮ್ಮ ಪಕ್ಕದಲ್ಲಿ ನಿಂತರು. ನಾಲ್ಕು ದಿನಗಳ ಭಾಷಣ ಮಾಡಲಾರದ್ದನ್ನು ಒಂದು ಒಲೆಯ ಬೇಡಿಕೆ ಮಾಡಿತು.

ಇದರ ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ. ಕೊಡುವವನ ಮುಂದೆ ಪಡೆಯುವವನು ಎಷ್ಟಾದರೂ ಸಣ್ಣವನು. ದಿನವೂ ಪಡೆಯುತ್ತಿರುವವನ ಮನಸ್ಸು ಒಳಗೊಳಗೆ ಮುದುಡುತ್ತದೆ. ಅವನಿಗೂ ಕೊಡಲು ಒಂದು ಅವಕಾಶ ಸಿಕ್ಕರೆ ತಕ್ಕಡಿ ಸಮನಾಗುತ್ತದೆ. ಊರಿನವರನ್ನು ಮನೆಯ ಯಜಮಾನರನ್ನಾಗಿ ಮಾಡಿ ತಾನು ಅತಿಥಿಯಾಗುವವನಿಗೆ ಮಾತ್ರ ಆ ಮನೆಯ ಒಳಕೋಣೆಯ ಕಷ್ಟ ಕಾಣುತ್ತದೆ.

ಬೇಡುವುದು ಹೀನವೆಂಬ ಭಾವನೆ ವಿದ್ಯಾವಂತರಲ್ಲಿ ಬಲವಾಗಿದೆ. ಆದರೆ ನಮ್ಮ ನಾಡಿನಲ್ಲಿ ಜೋಳಿಗೆಗೆ ಎಷ್ಟು ಗೌರವವಿದೆಯೆಂಬುದನ್ನು ಮರೆಯಬಾರದು. ಮಠದ ಅಜ್ಜನವರು ಜೋಳಿಗೆ ಹಿಡಿದು ಬಂದರೆ ಬಡವಳಾದ ಮುದುಕಿಯೂ ಒಂದು ಹಿಡಿ ಜೋಳ ಹಾಕಿ ಧನ್ಯಳಾದೆನೆಂದುಕೊಳ್ಳುತ್ತಾಳೆ. ಆ ಜೋಳದಿಂದಲೇ ಎಷ್ಟೋ ಬಡ ಹುಡುಗರು ಉಂಡು ಓದಿದ್ದಾರೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮ, ಮಂಗಳವೇಢೆಗಳ ಮಾರ್ಗವಾಗಿ ಕಲ್ಯಾಣಕ್ಕೆ ಹೋದ ಬಸವಣ್ಣನವರ ಬಳಿಗೆ ಬಹು ದೂರದೂರದಿಂದ ಜನ ಬಂದು ಸೇರಿದರಷ್ಟೆ. ಕಾಶ್ಮೀರದ ಅರಸನೊಬ್ಬನು ರಾಜ್ಯ ಬಿಟ್ಟು ಬಂದು ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಅವನು ಭಂಡಾರ ಹೊತ್ತು ತಂದು ಕಲ್ಯಾಣದವರಿಗೆ ಹಂಚಲಿಲ್ಲ. ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಕಲ್ಯಾಣದ ಬೀದಿಯಲ್ಲಿ ಮಾರಿದನು. ಕೊಳ್ಳುವವರಿಂದ ಬಂದ ಹಣದಲ್ಲಿ ದಾಸೋಹ ನಡೆಸಿದನು. ಪರಸ್ಥಳದವನು ಊರಿನವನಾಗುವ ಉಪಾಯ ಇದಕ್ಕಿಂತ ಉತ್ತಮವಾದುದು ಇನ್ನೊಂದುಂಟೆ?

ನನ್ನ ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಬಡವರ ಊರಿಗೆ ಹೋಗಿ ಬೇಡುವುದು ಅವರ ಹೊಟ್ಟೆಯ ಮೇಲೆ ಹೊಡೆದಂತಲ್ಲವೆ? ಹೌದು, ಇಲ್ಲದವರ ಅನ್ನವನ್ನು ಬೇಡಬಾರದು. ಉಂಡದ್ದಕ್ಕೆ ಯಾವುದಾದರೊಂದು ರೀತಿಯಿಂದ ಹಿಂತಿರುಗಿಸಲೂಬೇಕು. ಆದರೆ ಎಷ್ಟು ಬಡವನ ಮನೆಯಲ್ಲಿಯೂ ಬತ್ತದ ವಸ್ತುಗಳುಂಟು. ಭಾಷೆ ಅವುಗಳಲ್ಲೊಂದು. ಜರ್ಮನಿಯಿಂದ 1853ರಲ್ಲಿ ಧಾರವಾಡಕ್ಕೆ ಬಂದ ಕಿಟ್ಟೆಲ್ಲರು ಮತಪ್ರಚಾರಕ್ಕೆಂದು ಬಂದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿನ ಸಹಸ್ರ ಸಹಸ್ರ ಶಬ್ದಗಳನ್ನು ಈ ನಾಡಿನ ಗ್ರಂಥಗಳೂ ಈ ನಾಡಿನ ಜನರೂ ಅವರಿಗೆ ಕೊಟ್ಟರು. ಕೊಟ್ಟುದರಿಂದ ನಮ್ಮಲ್ಲಿ ಒಂದು ಶಬ್ದವೂ ಕಡಿಮೆಯಾಗಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಸ್ವಯಂಸೇವಕನ ಕಿಸೆಯಲ್ಲಿ ಮರಳಿ ಹೋಗುವ ಟಿಕೇಟು ಇರುತ್ತದೆ. ಅವನ ಬಡತನ ಎರಡು ವರ್ಷದ್ದು, ಅವನ ಬೇಡಿಕೆ ಒಂದು ನಾಟಕ ಎನ್ನಬಹುದು. ಇದನ್ನು ನಾನು ಅಲ್ಲಗಳೆಯಲಾರೆ. ಆದುದರಿಂದಲೇ ಅವನು ನಿಜವಾಗಿ ಬೇಕಾದುದನ್ನು ಮಾತ್ರ ಬೇಡಬೇಕು. ಊರಿನವರನ್ನು ಮೆಚ್ಚಿಸಲೆಂದು ಇಲ್ಲದ ದೀನತೆಯನ್ನು ನಟಿಸಬಾರದು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಲಿಲಿಯನ್ ಕಾರ್ಟರ್ ಎಂಬವರು 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಶಾಂತಿದಳದಿಂದ ಮುಂಬಯಿಯ ವಿಕ್ರೋಳಿಗೆ ಬಂದರು. ದಾದಿಯ ಕೆಲಸದಲ್ಲಿ ನುರಿತವರಾಗಿದ್ದರೂ ಆ ವಯಸ್ಸಿನಲ್ಲಿ, ಆ ಸೆಖೆಯಲ್ಲಿ, ಗೊತ್ತಿಲ್ಲದ ಭಾಷೆಯ ನಡುವೆ ಅವರಿಗೆ ಇತರರ ಆಸರೆ ಬೇಕಾಗದೆ ಇದ್ದೀತೆ? ಅಂಥ ಅಗತ್ಯವನ್ನು ಮುಚ್ಚಿಕೊಳ್ಳದಿದ್ದರೆ ಸಾಕು, ನಾಟಕದ ಪ್ರಶ್ನೆಯೇ ಏಳುವುದಿಲ್ಲ.

ಮರಳುವ ಟಿಕೇಟು ಇಲ್ಲದೆ ಹೋಗುವವರು ನಮ್ಮಲ್ಲಿಯೇ ಸಾವಿರಾರು ಜನರಿದ್ದಾರೆ. ಮಳೆ ಕೈಕೊಟ್ಟ ವರ್ಷ ಮುದ್ದೇಬಿಹಾಳದ ಕಡೆಯ ಹಳ್ಳಿ, ತಾಂಡಾಗಳಿಂದ ಗೋವಾಕ್ಕೆ, ಪುಣೆಗೆ, ಮುಂಬಯಿಗೆ ದುಡಿಯಲು ಹೋಗುವವರನ್ನು ನೋಡದವರು ಯಾರು? ನನ್ನ ಕಾಕಾ ಹನ್ನೆರಡು ವರ್ಷ ಗೋವೆಯಲ್ಲಿ ಗೌಂಡಿ ಕೆಲಸ ಮಾಡಿದವನು. ಕೊಂಕಣಿ ಬಲ್ಲ, ಹಿಂದಿ ಬಲ್ಲ, ಅಲ್ಲಿಯ ಮೀನಿನ ಸಾರು ಬಲ್ಲ. ಹೊಸ ಊರಿನಲ್ಲಿ ನೆಲೆಯಾಗುವುದು ಹೇಗೆಂದು ನಾನೊಮ್ಮೆ ಕೇಳಿದಾಗ, "ತಮ್ಮಾ, ಮೊದಲ ನೀರು ಕೇಳಬೇಕು. ನೀರು ಕೇಳಿದವನ್ನ ಯಾರೂ ಕಳ್ಳ ಅನ್ನಂಗಿಲ್ಲ. ಕೊಟ್ಟವರು ಯಾವೂರು ಅಂತ ಕೇಳೇ ಕೇಳ್ತಾರ, ಅಲ್ಲಿಂದ ಮಾತು ಸುರು ಆಕ್ಕೈತಿ" ಎಂದನು. ಯಾವ ಶಾಂತಿದಳದ ತರಬೇತಿಯೂ ಇದಕ್ಕಿಂತ ಹೆಚ್ಚಿನದನ್ನು ಕಲಿಸಿರಲಾರದು.

ಆದರೆ ಇಷ್ಟೆಲ್ಲ ಬಲ್ಲ ನಮ್ಮ ಜನರನ್ನು ಆ ಊರುಗಳು ತಮ್ಮವರೆಂದುಕೊಂಡವೆ? ವಾಸ್ಕೋದ ಬೈನಾ ಕಡಲತೀರದಲ್ಲಿ 2004ರಲ್ಲಿ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರು ಬಹುಮಂದಿ. ಅವರು ಬೇಡಲಿಲ್ಲವೆಂದಲ್ಲ, ಬೇಡಿದರೂ ಊರು ಕೈಚಾಚಲಿಲ್ಲ. ಇದರಿಂದ ತಿಳಿಯುವುದೇನು? ನೆಲೆಸುವುದು ಬಂದವನೊಬ್ಬನ ಸಾಮರ್ಥ್ಯವಲ್ಲ. ಬೇಡುವುದು ಬಂದವನ ಧರ್ಮವಾದರೆ ಕೊಡುವುದು ಊರಿನ ಧರ್ಮ. ಸೇವೆಗೆ ಬಂದ ಬಿಳಿಯ ದೊರೆಸಾನಿಗೆ ಕುರ್ಚಿ ಹಾಕಿ, ದುಡಿಯಲು ಬಂದ ಕರಿಯ ಕೂಲಿಯವನಿಗೆ ಬಾಗಿಲು ಹಾಕುವ ಊರು ಅತಿಥಿಸತ್ಕಾರದ ಹೆಸರೆತ್ತಬಾರದು.

ಈ ಮಾತನ್ನು ಗೋವೆಯವರಿಗೆ ಹೇಳಿ ಸುಮ್ಮನಾದರೆ ಸಾಲದು. ನಮ್ಮ ಪೇಟೆಗಳನ್ನೂ ನೋಡಿಕೊಳ್ಳೋಣ. ಪಾನಿಪುರಿಯ ಗಾಡಿ ಹಚ್ಚಿದ ಉತ್ತರ ಪ್ರದೇಶದ ಹುಡುಗನಿದ್ದಾನೆ, ಬ್ಯಾಂಕಿಗೆ ಬಂದ ತೆಲುಗಿನ ಅಧಿಕಾರಿಯಿದ್ದಾನೆ. ಇಷ್ಟೇಕೆ, ಮೈಸೂರು ಸೀಮೆಯಿಂದ ವರ್ಗವಾಗಿ ಬಂದ ನಮ್ಮ ಗುರುಗಳೇ ಇದ್ದಾರೆ! ಅವರು ಮೊದಲ ದಿನ "ಏನ್ರಿ ಸರ್ರ, ಆರಾಮ ಅದೀರಿಲ್ಲೋ?" ಎಂಬ ಪ್ರಶ್ನೆಗೆ ಬೆರಗಾದುದನ್ನೂ, ಖಡಕ್ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಅನ್ನಕ್ಕಾಗಿ ಕಾದುದನ್ನೂ ನೆನೆದು ನಾವು ನಗುತ್ತೇವೆ, ಅವರೂ ನಗುತ್ತಾರೆ. ಆದರೆ ಬಾಡಿಗೆಯ ಮನೆಗೆ ಅಲೆಯುವಾಗ "ನೀವು ಯಾವ ಪೈಕಿ?" ಎಂದು ಮನೆಯವರು ಕೇಳುವ ಪ್ರಶ್ನೆಗೆ ಯಾರಿಗೂ ನಗು ಬರುವುದಿಲ್ಲ. ಬಸವಣ್ಣನವರು ಹುಟ್ಟಿದ ಜಿಲ್ಲೆಯಲ್ಲಿ ಆ ಪ್ರಶ್ನೆ ಇನ್ನೂ ಬದುಕಿರುವುದು ನಮ್ಮೆಲ್ಲರ ತಲೆ ತಗ್ಗಿಸುವ ಸಂಗತಿ.

ಕೊನೆಯದಾಗಿ ಮೂರು ಸಲಹೆಗಳನ್ನು ಸಹಪಾಠಿಗಳ ಹಾಗೂ ಗುರುವೃಂದದ ಮುಂದಿಡುತ್ತೇನೆ. ಒಂದು: ಬರುವ ವರ್ಷದ ಶಿಬಿರಕ್ಕೆ ನಾಲ್ಕು ಜನ ಒಂದು ವಾರ ಮೊದಲೇ ಹೋಗಿ, ಭಾಷಣ ಮಾಡದೆ, ಆ ಊರಿನವರಿಂದ ಊರಿನ ಕಥೆಯನ್ನು ಕೇಳಿ ಬರೆದುಕೊಂಡು ಬರಲಿ, ಮಾಡಬೇಕಾದ ಕೆಲಸವನ್ನು ಊರಿನವರೇ ಗೊತ್ತುಮಾಡಲಿ. ಎರಡು: ಶಿಬಿರದಲ್ಲಿ ದಿನಕ್ಕೊಂದು ಹೊತ್ತಿನ ಊಟ, ಸಾಮಾನು ನಮ್ಮದು, ಒಲೆ ಊರಿನವರದು ಎಂಬಂತೆ, ಮನೆಗಿಬ್ಬರಂತೆ ನಡೆಯಲಿ, ಜಾತಿ ನೋಡದೆ ಎಲ್ಲ ಓಣಿಗಳ ಮನೆಗಳಲ್ಲಿಯೂ ನಡೆಯಲಿ. ಮೂರು: ನಮ್ಮ ಪೇಟೆಗೆ ಹೊಸದಾಗಿ ಬಂದವರಿಗೆ, ಅವರು ಅಧಿಕಾರಿಗಳಿರಲಿ ಕೂಲಿಗಳಿರಲಿ, ವಾರಕ್ಕೆರಡು ಸಂಜೆ ಕನ್ನಡ ಕಲಿಸುವ ತರಗತಿಯೊಂದನ್ನು ಕನ್ನಡ ಸಂಘವು ಆರಂಭಿಸಲಿ. ಕಲಿಸುವವರು ಬದಲಿಗೆ ಅವರ ಭಾಷೆಯ ಹತ್ತು ಮಾತುಗಳನ್ನಾದರೂ ಅವರಿಂದ ಕೇಳಿ ಕಲಿಯಲಿ.

ಇವಕ್ಕೆ ಹಣ ಬೇಡ, ಸರಕಾರದ ಆದೇಶವೂ ಬೇಡ. ಮೂರನೆಯ ಕೆಲಸಕ್ಕೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು. ಉಳಿದವರು ಕನ್ನಡ ಸಂಘದ ಕಾರ್ಯದರ್ಶಿಗಳನ್ನು ಕಾಣಬೇಕೆಂದು ವಿನಂತಿ.